ಹಿಂದಿನ ಗಾಲಿಯ ಕರಕರ

ನಮ್ಮ ದಕ್ಷಿಣ ಕನ್ನಡದ ಕಡೆ ಸೈಕಲ್ಲಿನ ಹಿಂದಿನ ಗಾಲಿ ಹಾಳಾಗುವುದು ಆಷಾಢದಲ್ಲಿ, ಅದು ಗೊತ್ತಾಗುವುದು ದೀಪಾವಳಿಯ ಹೊತ್ತಿಗೆ. ಮಳೆ ಜೋರಿರುವ ತನಕ ಯಾರ ಕಿವಿಗೂ ಏನೂ ಬೀಳುವುದಿಲ್ಲ. ಹಂಚಿನ ಮೇಲೆ, ಅಡಿಕೆ ಸೋಗೆಯ ಮೇಲೆ, ರೈನ್‌ಕೋಟಿನ ಟೊಪ್ಪಿಯ ಮೇಲೆ ನೀರು ಬಡಿಯುತ್ತಿರುವಾಗ ಒಂದು ಸೈಕಲ್ಲಿನ ನರಳಾಟವನ್ನು ಕೇಳುವವರು ಯಾರು? ಮೋಡ ಬಿಟ್ಟು, ಸಿದ್ದಕಟ್ಟೆಯ ದಾರಿಯೋ ವೇಣೂರಿನ ದಾರಿಯೋ ಒಣಗಿದ ಮೇಲೆ, ಒಂದು ಬೆಳಿಗ್ಗೆ ಸೀಟಿನ ಕೆಳಗಿನಿಂದ ಕರಕರ ಶುರುವಾಗುತ್ತದೆ. ಹತ್ತು ಮಾರು ಹೋದ ಮೇಲೆ ಟಕ್ ಎನ್ನುತ್ತದೆ. ಸವಾರ ಇಳಿದು ನೋಡುತ್ತಾನೆ. ಕ್ಯಾರಿಯರ್ ಸರಿಯಾಗಿಯೇ ಇದೆ, ಮಡ್‌ಗಾರ್ಡ್ ತಾಗುತ್ತಿಲ್ಲ, ಚೈನಿಗೆ ಎಣ್ಣೆ ಬಿಟ್ಟಾಗಿದೆ. ಹಾಗಾದರೆ ಗಾಲಿಯ ನಡುವಿನ ಹಬ್ಬೇ ಹೋಗಿರಬೇಕು ಎಂದು ತೀರ್ಮಾನಿಸಿ ಅಂಗಡಿಗೆ ತಳ್ಳಿಕೊಂಡು ಹೋಗುತ್ತಾನೆ.

ಬಿ.ಸಿ.ರೋಡಿನಲ್ಲಾಗಲಿ, ಬೆಳ್ತಂಗಡಿಯಲ್ಲಾಗಲಿ, ಮೂಡುಬಿದಿರೆಯಲ್ಲಾಗಲಿ ಕೈ ಪಳಗಿದ ಸೈಕಲ್ ರಿಪೇರಿಯವರು ಅಷ್ಟು ಬೇಗ ಸ್ಪಾನರ್ ಎತ್ತಿಕೊಳ್ಳುವುದಿಲ್ಲ. ಮೊದಲು ಸ್ಟ್ಯಾಂಡ್ ಹಾಕುತ್ತಾರೆ. ಹಳೆಯ ಮಾದರಿಯ ಸೈಕಲ್ಲುಗಳ ದೊಡ್ಡ ಉಪಕಾರ ಇದು: ಸ್ಟ್ಯಾಂಡ್ ಹಾಕಿದ ಕೂಡಲೇ ಹಿಂದಿನ ಗಾಲಿ ನೆಲ ಬಿಟ್ಟು ಏಳುತ್ತದೆ. ಗಾಲಿಯನ್ನು ಕೈಯಿಂದ ಒಮ್ಮೆ ಬೀಸಿ ತಿರುಗಿಸಿ, ಅದು ತಾನಾಗಿ ನಿಲ್ಲುವ ತನಕ ಸುಮ್ಮನೆ ನಿಂತಿರುತ್ತಾರೆ. ನೋಡುವವರಿಗೆ ಇದು ಸೋಮಾರಿತನ. ನನ್ನ ಮಟ್ಟಿಗೆ ಹಬ್ ರಿಪೇರಿಯ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ. ಬಿಚ್ಚುವುದು, ತೊಳೆಯುವುದು, ಕಟ್ಟುವುದೆಲ್ಲ ಉಳಿದ ಕಾಲು ಪಾಲು.

ಯಾಕೆಂದರೆ ಹಿಂದಿನ ಗಾಲಿಯ ನಡುವೆ ಗುಂಡುಗಳಿರುವ ಜಾಗ ಎರಡು. ಒಂದು ಹಬ್ಬಿನದು, ಇನ್ನೊಂದು ಬಲಬದಿಯ ಹಲ್ಲುಚಕ್ರದೊಳಗಿನ ಫ್ರೀವೀಲಿನದು. ಹಬ್ಬಿನ ಗುಂಡುಗಳು ಗಾಲಿ ತಿರುಗುವಷ್ಟು ಹೊತ್ತೂ ಉರುಳುತ್ತಲೇ ಇರುತ್ತವೆ, ನೀವು ತುಳಿದರೂ ಸೈ, ಬಿಟ್ಟರೂ ಸೈ. ಫ್ರೀವೀಲಿನ ಗುಂಡುಗಳ ಕ್ರಮ ಬೇರೆ. ತುಳಿಯುವಾಗ ಫ್ರೀವೀಲಿನ ಒಳಭಾಗ, ಹೊರಭಾಗ ಎರಡೂ ಒಟ್ಟಿಗೇ ತಿರುಗುವುದರಿಂದ ಅವಕ್ಕೆ ಕೆಲಸವಿಲ್ಲ; ಕಾಲು ನಿಲ್ಲಿಸಿ ಇಳಿಜಾರಿನಲ್ಲಿ ಬಿಟ್ಟಾಗ ಮಾತ್ರ ಉರುಳುತ್ತವೆ. ಚೈನು, ಪೆಡಲು, ಎರಡು ಪೆಡಲುಗಳ ನಡುವಿನ ಬಿ.ಬಿ. ಆಕ್ಸಲ್ ಇವೆಲ್ಲ ಅದಕ್ಕೆ ಉಲ್ಟಾ, ತುಳಿದರೆ ಮಾತ್ರ ಅವುಗಳ ಕೆಲಸ.

ಇಷ್ಟು ತಿಳಿದರೆ ವಗ್ಗದಿಂದ ಪುಂಜಾಲಕಟ್ಟೆಗೆ ಹೋಗುವ ದಾರಿಯಲ್ಲಿ ಒಂದು ಚಡಾವು, ಒಂದು ಇಳಿತ ಸಿಕ್ಕಿದರೆ ಸಾಕು, ಕಾಯಿಲೆ ಅರ್ಧ ಗೊತ್ತಾಗುತ್ತದೆ. ಚಡಾವಿನಲ್ಲಿ ತುಳಿಯುವಾಗ ಕರಕರ, ಇಳಿತದಲ್ಲಿ ಕಾಲು ನಿಲ್ಲಿಸಿದೊಡನೆ ಮೌನ ಎಂದಾದರೆ ಹಬ್ಬನ್ನು ಬೈಯಬೇಡಿ. ಚೈನು, ಪೆಡಲು, ಬಿ.ಬಿ.ಯ ಕಡೆ ನೋಡಿ. ಇಳಿತದಲ್ಲಿ ಮಾತ್ರ ಗರಗರ ಎಂದರೆ ಫ್ರೀವೀಲಿನೊಳಗೆ ಮಣ್ಣು ಸೇರಿದೆ. ಕಾಲು ನಿಲ್ಲಿಸಿದಾಗ ಬರುವ ಹಗುರ ಟಿಕ್‌ಟಿಕ್‌ಟಿಕ್ ಅದರ ಸಹಜ ಸದ್ದು, ಅದನ್ನು ಕಾಯಿಲೆ ಎಂದುಕೊಳ್ಳುವುದು ಬೇಡ. ಏರು, ಇಳಿತ ಎರಡರಲ್ಲೂ ಸದ್ದಿದ್ದು, ವೇಗ ಹೆಚ್ಚಿದ ಹಾಗೆ ಅದರ ಲಯವೂ ಚುರುಕಾಗುತ್ತಾ ಹೋದರೆ ಆಗ ಹಬ್ಬಿನ ಮೇಲೆ ಅನುಮಾನಪಡಬಹುದು.

ಅನುಮಾನ ಗಟ್ಟಿಯಾಗಬೇಕಾದರೆ ಎಣಿಸಬೇಕು. ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇರುವ ಸೈಕಲ್ಲಿನಲ್ಲಿ ಪೆಡಲು ಒಂದು ಸುತ್ತು ಬರುವಾಗ ಗಾಲಿ ಹತ್ತಿರ ಹತ್ತಿರ ಎರಡೂವರೆ ಸುತ್ತು ತಿರುಗಿರುತ್ತದೆ. ಟಕ್ ಎಂಬುದು ಪೆಡಲಿನ ಸುತ್ತಿಗೊಮ್ಮೆ ಬಂದರೆ ಪೆಡಲಿನ ಕೈಯನ್ನು ಹಿಡಿದಿಡುವ ಕಾಟರ್ ಪಿನ್ ಸಡಿಲಾಗಿದೆ ಅಥವಾ ಪೆಡಲಿನ ಒಳಗೆ ಗುಂಡು ಸವೆದಿದೆ. ಗಾಲಿಯ ಸುತ್ತಿಗೊಮ್ಮೆ ಸರಿಯಾಗಿ ಬಂದರೆ ಒಂದು ಕಡ್ಡಿ ಸಡಿಲಾಗಿರಬಹುದು, ಟಯರು ಒಂದು ಕಡೆ ಉಬ್ಬಿ ಫ್ರೇಮಿಗೆ ಸವರುತ್ತಿರಬಹುದು, ರಿಮ್ಮಿನ ಬೆಸುಗೆಯ ಜಾಗ ಬ್ರೇಕಿನ ರಬ್ಬರಿಗೆ ತಾಗುತ್ತಿರಬಹುದು. ಹಬ್ಬಿನೊಳಗಿನ ಒಡೆದ ಗುಂಡಿನ ಸದ್ದು ಈ ಎರಡು ಲೆಕ್ಕಕ್ಕೂ ಸಿಗುವುದಿಲ್ಲ. ಒಳಗೆ ಗುಂಡುಗಳ ಬಳಗವೇ ಸುತ್ತುತ್ತಿರುತ್ತದೆ, ಆದರೆ ಗಾಲಿಯ ವೇಗದಲ್ಲಿ ಅಲ್ಲ. ಗಾಲಿ ಹತ್ತು ಸುತ್ತು ಮುಗಿಸುವಾಗ ಅವು ಆರರ ಆಸುಪಾಸಿನಲ್ಲಿರುತ್ತವೆ. ಹಾಗಾಗಿ ಒಡೆದ ಗುಂಡು ಭಾರ ಬೀಳುವ ಜಾಗಕ್ಕೆ ಬಂದಾಗ ಒಮ್ಮೆ ಕಡಕ್ ಎನ್ನುತ್ತದೆ, ಮತ್ತೆ ಎರಡು ಸುತ್ತು ತೆಪ್ಪಗಿರುತ್ತದೆ, ಮತ್ತೆ ಎಲ್ಲೋ ನಡುವೆ ಕಡಕ್. ತಾಳ ತಪ್ಪಿದ ಸದ್ದು ಕೇಳಿದರೆ ರಿಪೇರಿಯವರು ತಲೆ ಅಲ್ಲಾಡಿಸುವುದು ಅದಕ್ಕೇ.

ಕಿವಿಗೆ ಮೋಸವಾಗುವುದೂ ಉಂಟು. ಫ್ರೇಮಿನ ಕಬ್ಬಿಣದ ಕೊಳವೆ ಸದ್ದನ್ನು ಎಲ್ಲಿಂದ ಎಲ್ಲಿಗೋ ಸಾಗಿಸುತ್ತದೆ. ಪೆಡಲಿನ ಕಿರಕಿರ ಸೀಟಿನ ಕೆಳಗೆ ಕೇಳಿಸಬಹುದು, ಸೀಟಿನ ಸ್ಪ್ರಿಂಗಿನ ಕೀರಲು ಹಿಂದಿನ ಗಾಲಿಯದ್ದೆನಿಸಬಹುದು. ಗಾಲಿಯನ್ನು ತಿರುಗಲು ಬಿಟ್ಟು, ಸೀಟಿನಿಂದ ಹಿಂದಿನ ಆಕ್ಸಲಿಗೆ ಇಳಿಯುವ ಕೊಳವೆಯನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿ. ಹಬ್ ಕೆಟ್ಟಿದ್ದರೆ ಬೆರಳಿಗೆ ಸಣ್ಣ ನಡುಕ ಬರುತ್ತದೆ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಆಕ್ಸಲಿನ ನಟ್ಟಿಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟರೆ ಒಳಗಿನದ್ದೆಲ್ಲ ಕೇಳುತ್ತದೆ. ಲಾರಿ ಗ್ಯಾರೇಜಿನವರು ಇಂಜಿನಿಗೆ ಮಾಡುವುದೂ ಇದನ್ನೇ. ಕೊನೆಗೆ ಬ್ರೇಕಿನ ಹತ್ತಿರ ರಿಮ್ಮನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಬೇಕು. ಕಟಕಟ ಆಡಿದರೆ ಗುಂಡುಗಳನ್ನು ಒತ್ತಿ ಹಿಡಿಯುವ ಕೋನು ಸಡಿಲು. ಆಡದೆ, ತಿರುಗಿಸುವಾಗ ಗಂಟು ಗಂಟಾಗಿ ತಡೆದರೆ ಕೋನು ಅತಿ ಬಿಗಿ, ಇಲ್ಲವೆ ಒಳಗೆ ತುಕ್ಕು.

ತುಕ್ಕು ಎಂದ ಮೇಲೆ ನೀರಿನ ಮಾತು ಬರಲೇಬೇಕು. ದಕ್ಷಿಣ ಕನ್ನಡಕ್ಕೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಸಾದಾ ಸೈಕಲ್ಲಿನ ಹಬ್ಬಿಗೆ ರಬ್ಬರಿನ ಸೀಲ್ ಎಂಬುದಿಲ್ಲ. ತಗಡಿನ ಒಂದು ತೆಳು ಡಸ್ಟ್ ಕ್ಯಾಪ್, ಅದಕ್ಕೂ ಕೋನಿಗೂ ನಡುವೆ ಬೆಳಕು ಹಾಯುವಷ್ಟು ಸಂದು. ಧೂಳಿಗೆ ಅದು ಸಾಕು, ನಮ್ಮ ಮಳೆಗೆ ಸಾಲದು. 28 ಇಂಚಿನ ಗಾಲಿಯ ಆಕ್ಸಲ್ ರಸ್ತೆಯಿಂದ ಸುಮಾರು 35 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಅಂದರೆ ಮೋರಿಯ ಮೇಲೆ ಮೊಣಕಾಲುದ್ದ ನೀರು ಹರಿಯುವಾಗ ಸೈಕಲ್ ದಾಟಿಸಿದರೆ ಹಬ್ ಪೂರ್ತಿ ಮುಳುಗಿಯೇ ಮುಳುಗುತ್ತದೆ. ಪಾಣೆಮಂಗಳೂರಿನ ಆಲಡ್ಕದಲ್ಲಿ ನೇತ್ರಾವತಿ ಏರಿ ಬಂದಾಗ, 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಕೆಳಗಿನ ಊರುಗಳಿಗೆ ಹೊಳೆಯೇ ನುಗ್ಗಿದಾಗ ಅಂಗಳದ ಸೈಕಲ್ಲುಗಳೂ ನೀರಿನೊಳಗಿದ್ದವು. ನೆರೆಯ ನೀರಿನಲ್ಲಿ ಬರುವ ಮಣ್ಣು ನುಣ್ಣಗಿರುತ್ತದೆ. ಗ್ರೀಸಿನೊಂದಿಗೆ ಬೆರೆತರೆ ಅದು ಉಕ್ಕನ್ನು ಅರೆಯುವ ಪೇಸ್ಟ್ ಆಗುತ್ತದೆ. ನೆರೆಯಲ್ಲಿ ಮುಳುಗಿದ ಸೈಕಲ್ಲನ್ನು ಮೇಲಿನಿಂದ ತೊಳೆದು ಬಿಸಿಲಿಗಿಟ್ಟು ಓಡಿಸುವವರು ಗಾಲಿಯನ್ನು ತಮ್ಮ ಕಾಲಿನಿಂದಲೇ ಅರೆಯುತ್ತಿದ್ದಾರೆ ಎಂದು ಲೆಕ್ಕ.

ಆದರೆ ಓಡಿ ಸವೆಯುವ ಹಬ್ಬಿಗಿಂತ ನಿಂತು ಕೆಡುವ ಹಬ್ಬುಗಳೇ ಇಲ್ಲಿ ಹೆಚ್ಚು ಎಂದು ನನಗನಿಸುತ್ತದೆ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಮೊದಲು ಹುಡುಗಿಯರಿಗೆ, ಆಮೇಲೆ ಹುಡುಗರಿಗೂ. ಕೋವಿಡ್ ಕಾಲದಲ್ಲಿ ಅದು ನಿಂತಿತು. ಅಷ್ಟರಲ್ಲಿ ನಮ್ಮ ಗುಡ್ಡೆ ಬೈಲುಗಳ ಮನೆಗಳಿಗೆ ಒಂದೊಂದು ಸೈಕಲ್ ಬಂದಾಗಿತ್ತು. ಬಯಲುಸೀಮೆಯ ಮಕ್ಕಳಷ್ಟು ನಮ್ಮ ಮಕ್ಕಳು ಅದನ್ನು ತುಳಿಯಲಿಲ್ಲ, ತುಳಿಯುವ ಹಾಗೆ ಈ ನೆಲವೂ ಇಲ್ಲ. ಹೋಗುವಾಗ ಇಳಿತವಾದರೆ ಬರುವಾಗ ತಳ್ಳಿಕೊಂಡು ಬರಬೇಕು. ಹೈಸ್ಕೂಲು ಮುಗಿದ ಮೇಲೆ ಸೈಕಲ್ ಹಟ್ಟಿಯ ಬದಿಗೋ, ಸೌದೆ ಕೊಟ್ಟಿಗೆಯ ಮಾಡಿನ ಕೆಳಗೋ ಒರಗಿ ನಿಂತಿತು. ಹಬ್ಬಿನೊಳಗೆ ಸೇರಿದ ನೀರು ಅಲ್ಲೇ ಉಳಿಯಿತು. ಒಂದೊಂದು ಗುಂಡೂ ತಾನು ಕುಳಿತ ಜಾಗದಲ್ಲೇ, ತಾನು ಉರುಳುವ ಬಟ್ಟಲಿಗೆ, ಒಂದೊಂದು ತುಕ್ಕಿನ ಚುಕ್ಕೆ ಇಟ್ಟಿತು. ವರ್ಷಗಳ ಮೇಲೆ ತಮ್ಮನೋ ತಂಗಿಯೋ ಆ ಸೈಕಲ್ಲನ್ನು ಹೊರಗೆಳೆದು ಗಾಳಿ ಹೊಡೆಸಿ ಹತ್ತಿದಾಗ, ಗುಂಡುಗಳೆಲ್ಲ ಒಟ್ಟಿಗೇ ಆ ಗುಳಿಗಳಿಗೆ ಇಳಿದು ಏಳುತ್ತವೆ. ಓಡಿಸದೇ ಇಟ್ಟ ಸೈಕಲ್ ಹೇಗೆ ಕೆಟ್ಟಿತು ಎಂದು ಮನೆಯವರಿಗೆ ಆಶ್ಚರ್ಯ. ವಾರಕ್ಕೊಮ್ಮೆ ಯಾರಾದರೂ ದಾರಿಹೋಕರು ಗಾಲಿಗೆ ಕೈ ಹಾಕಿ ತಿರುಗಿಸಿದ್ದರೂ ಇಷ್ಟು ಕೆಡುತ್ತಿರಲಿಲ್ಲ.

ಸದ್ದು ಕೇಳಿದೊಡನೆ ಮನೆಯವರು ಮಾಡುವ ಮೊದಲ ಚಿಕಿತ್ಸೆ ಎಣ್ಣೆ. ಹಳೆಯ ಹಬ್ಬುಗಳ ನಡುವೆ ಸ್ಪ್ರಿಂಗ್ ಪಟ್ಟಿಯ ಮುಚ್ಚಳವಿರುವ ಒಂದು ತೂತು ಇರುತ್ತಿತ್ತು, ಎಣ್ಣೆ ಬಿಡಲಿಕ್ಕೆಂದೇ. ಆ ಕಾಲದ ಅಭ್ಯಾಸ ಕೈಯಿಂದ ಹೋಗಿಲ್ಲ. ಅಂಗಡಿಯ ಮುಂದೆ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

"ಇದಕ್ಕೆ ಎಂತ ಹಾಕಿದ್ದು ನೀವು?"

"ತೆಂಗಿನೆಣ್ಣೆ. ಮನೆಯದ್ದೇ, ಒಳ್ಳೆದುಂಟು."

"ಒಳ್ಳೆದುಂಟು ಮಾರಾಯ್ರೆ, ತಲೆಗೆ ಹಾಕಿದ್ರೆ."

ತೆಂಗಿನೆಣ್ಣೆ ತೆಳು. ಭಾರ ಹೊರುವ ಗುಂಡಿಗೂ ಕೋನಿಗೂ ನಡುವೆ ಅದು ನಿಲ್ಲುವುದಿಲ್ಲ, ನೀರು ಬಂದರೆ ಜಾಗ ಬಿಟ್ಟುಕೊಡುತ್ತದೆ. ಅದಕ್ಕಿಂತ ಅಪಾಯ ಸೀಮೆಎಣ್ಣೆಯದ್ದು. ಸೀಮೆಎಣ್ಣೆ ಬಿಟ್ಟ ಮರುಗಳಿಗೆ ಗಾಲಿ ಸರಾಗವಾಗಿ ತಿರುಗುತ್ತದೆ, ಸದ್ದು ಮಾಯವಾಗುತ್ತದೆ, ಹಾಕಿದವರಿಗೆ ತಾವೇ ದೊಡ್ಡ ಮೆಕ್ಯಾನಿಕ್ ಎನಿಸುತ್ತದೆ. ಒಳಗೆ ಉಳಿದಿದ್ದ ಚೂರುಪಾರು ಗ್ರೀಸನ್ನೂ ಅದು ಕರಗಿಸಿ ಹೊರಗೆ ಹಾಕಿರುತ್ತದೆ. ಒಂದೆರಡು ವಾರ ಕಳೆದ ಮೇಲೆ ಉಕ್ಕಿನ ಮೇಲೆ ಉಕ್ಕು ಉಜ್ಜುವ ಗಟ್ಟಿ ಸದ್ದು ಬರುತ್ತದೆ, ಆಗ ಕೋನು ಬದಲಿಸದೆ ಗತಿಯಿಲ್ಲ. ಎಣ್ಣೆ ಬಿಟ್ಟು ಸದ್ದು ನಿಲ್ಲಿಸುವುದಕ್ಕಿಂತ ಸದ್ದನ್ನು ಹಾಗೇ ಬಿಟ್ಟು ನಾಳೆ ಬಿಚ್ಚುತ್ತೇನೆ ಎನ್ನುವುದು ವಾಸಿ.

ಬಿಚ್ಚಿದರೆ ಒಳಗೆ ಇರುವುದು ಬಹಳ ಸರಳ ಸಂಗತಿ. ಅಲುಗದೆ ನಿಂತಿರುವ ಒಂದು ಆಕ್ಸಲ್. ಅದರ ಎರಡೂ ಬದಿಗೆ ತಿರುಪಿನ ಮರೆಯಲ್ಲಿ ಕುಳಿತ ಕೋನು. ಹಬ್ಬಿನ ಹೊಟ್ಟೆಗೆ ಒತ್ತಿ ಕೂರಿಸಿದ ಬಟ್ಟಲು. ಎರಡರ ನಡುವೆ ಗುಂಡು. ಹಿಂದಿನ ಹಬ್ಬಿಗೆ ಕಾಲಿಂಚಿನ ಗುಂಡು ಬದಿಗೆ ಒಂಬತ್ತು, ಒಟ್ಟು 18. ಮುಂದಿನದಕ್ಕೆ ಅದಕ್ಕಿಂತ ಸಣ್ಣವು, ಬದಿಗೆ ಹತ್ತು. ಪ್ಯಾರಿಸ್ಸಿನ ಜೂಲ್ ಸುರಿರೆ ಸೈಕಲ್ಲಿನ ಗುಂಡಿನ ಬೇರಿಂಗಿಗೆ ಪೇಟೆಂಟ್ ಪಡೆದದ್ದು 1869ರಲ್ಲಿ. ಜರ್ಮನಿಯ ಶ್ವೈನ್‌ಫುರ್ಟಿನಲ್ಲಿ ಫ್ರೀಡ್ರಿಶ್ ಫಿಶರ್ ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ಅರೆಯುವ ಯಂತ್ರ ಮಾಡಿದ್ದು 1883ರಲ್ಲಿ. ಅಲ್ಲಿಂದಲೇ ಗುಂಡು ಅಗ್ಗವಾಯಿತು. ಆಮೇಲೆ ಸೈಕಲ್ಲು ಎಷ್ಟೋ ಬದಲಾಗಿದೆ. ಲುಧಿಯಾನದ ಹೀರೋ, ಚೆನ್ನೈಯ ಹರ್ಕ್ಯುಲಿಸ್, ಬಾಗಿಲು ಹಾಕಿದ ಅಟ್ಲಾಸ್ ಯಾವುದೇ ಇರಲಿ, ಸಾದಾ ಸೈಕಲ್ಲಿನ ಹಬ್ಬಿನ ಒಳಗಿನ ಏರ್ಪಾಡು ಮಾತ್ರ ಹತ್ತೊಂಬತ್ತನೆಯ ಶತಮಾನದ್ದೇ.

ಇದರಲ್ಲಿ ಮೊದಲು ಸೋಲುವುದು ಕೋನು. ಕಾರಣ ಸಣ್ಣದು, ಆದರೆ ಕೇಳಿದವರಿಗೆ ಮರೆಯುವುದಿಲ್ಲ. ಬಟ್ಟಲು ಗಾಲಿಯೊಂದಿಗೆ ತಿರುಗುತ್ತದೆ, ಅದರ ಮೈಯೆಲ್ಲ ಸರದಿಯಲ್ಲಿ ಭಾರ ಹೊರುತ್ತದೆ. ಕೋನು ತಿರುಗುವುದಿಲ್ಲ. ಸವಾರನ ತೂಕ, ಕ್ಯಾರಿಯರಿನ ಮೇಲಿನ ಅಕ್ಕಿ ಮೂಟೆ ಅಥವಾ ಮೀನಿನ ಬುಟ್ಟಿ, ಹೊಂಡಕ್ಕೆ ಇಳಿದ ಏಟು ಎಲ್ಲವೂ ಅದರ ಕೆಳಮೈಯ ಒಂದೇ ಜಾಗಕ್ಕೆ ಬೀಳುತ್ತವೆ. 28 ಇಂಚಿನ ಗಾಲಿ ಒಂದು ಕಿಲೋಮೀಟರಿಗೆ 450ರಷ್ಟು ಸುತ್ತು ಹಾಕುತ್ತದೆ. ಶಾಲೆಗೆ ನಾಲ್ಕು ಕಿಲೋಮೀಟರ್ ಹೋಗಿ ಬರುವ ಮಗುವಿನ ಸೈಕಲ್ಲಿನಲ್ಲಿ ಆ ಒಂದೇ ಜಾಗದ ಮೇಲೆ ದಿನಕ್ಕೆ 3,600 ಸುತ್ತು. ಚಡಾವಿನಲ್ಲಿ ಎದ್ದು ನಿಂತು ತುಳಿದರೆ ಚೈನಿನ ಎಳೆತವೂ ಸೇರಿ ಬಲಬದಿಯ ಕೋನಿಗೆ ಇನ್ನಷ್ಟು ಕಷ್ಟ. ಗ್ರೀಸ್ ಇಲ್ಲದಿದ್ದರೆ ಗಟ್ಟಿ ಮಾಡಿದ ಮೇಲ್ಪದರ ಎದ್ದು ಉದುರುತ್ತದೆ. ಹಾಗೆ ಉದುರಿದ ಕೋನನ್ನು ಬೆಳಕಿಗೆ ಹಿಡಿದು ನೋಡಿದರೆ ಒಂದು ಬದಿ ಕನ್ನಡಿ, ಇನ್ನೊಂದು ಬದಿ ಮುರಕಲ್ಲಿನ ಮೈಯಂತೆ ತೂತು ತೂತು.

ಕೆಲಸಕ್ಕೆ ಬೇಕಾದದ್ದು ನಟ್ಟಿನ ಅಳತೆಯ ಸ್ಪಾನರ್, ಕೋನಿಗೆ ಹೋಗುವ ತೆಳು ಸ್ಪಾನರ್, ಒಂದು ಹಳೆಯ ಪೇಪರ್, ಚಿಂದಿ ಬಟ್ಟೆ, ತೊಳೆಯಲು ಸ್ವಲ್ಪ ಡೀಸೆಲ್, ಲಾರಿ ಜೀಪುಗಳ ಚಕ್ರದ ಬೇರಿಂಗಿಗೆ ಹಾಕುವ ಲಿಥಿಯಂ ಗ್ರೀಸ್. ಒಂದೆರಡು ಕಲ್ಲಡ್ಕ ಕೆ.ಟಿ. ಚಹಾ ಕುಡಿಯುವಷ್ಟು ದುಡ್ಡಿಗೆ ಗುಂಡು ಬರುತ್ತದೆ. ಗಾಲಿ ಕಳಚಿ, ಪೇಪರಿನ ಮೇಲೆ ಮಲಗಿಸಿ, ಎಡಬದಿಯ ಲಾಕ್‌ನಟ್ ಮತ್ತು ಕೋನನ್ನು ಬಿಡಿಸಬೇಕು. ಬಲಬದಿಯದ್ದನ್ನು ಅಲುಗಿಸಬೇಡಿ, ಅದು ಅಲುಗಿದರೆ ಆಕ್ಸಲ್ ಯಾವ ಬದಿಗೆ ಎಷ್ಟು ಹೊರಗಿರಬೇಕೆಂಬ ಲೆಕ್ಕ ತಪ್ಪುತ್ತದೆ. ಆಕ್ಸಲನ್ನು ಬಲಕ್ಕೆ ಮೆಲ್ಲಗೆ ಎಳೆದರೆ ಗುಂಡುಗಳು ಉದುರುತ್ತವೆ. ಎಣಿಸಿ. 18 ಸಿಗದಿದ್ದರೆ ಒಂದು ಹಬ್ಬಿನ ಹೊಟ್ಟೆಯೊಳಗೆ ಅಡಗಿ ಕುಳಿತಿರಬಹುದು, ಕಡಕ್ ಎನ್ನುತ್ತಿದ್ದದ್ದು ಅದೇ ಆಗಿರಲೂಬಹುದು. ಬಲಬದಿಯ ಬಟ್ಟಲು ಫ್ರೀವೀಲಿನ ಹಿಂದೆ ಆಳದಲ್ಲಿರುತ್ತದೆ, ಅಲ್ಲಿಗೆ ಬೆರಳು ಹೋಗಲು ಒದ್ದಾಡುತ್ತದೆ. ಅವಸರದ ರಿಪೇರಿಯಲ್ಲಿ ಎಡಬದಿಗೆ ಮಾತ್ರ ಗ್ರೀಸ್ ಸಿಗುವುದು ಇದೇ ಕಾರಣಕ್ಕೆ. ನಿಂತು ನೋಡುವವರು ನೋಡಬೇಕಾದದ್ದು ಬಲಬದಿಯನ್ನು.

ಹೊರಬಂದ ಗ್ರೀಸೇ ಕಥೆ ಹೇಳುತ್ತದೆ. ಬೂದು ಮಿಶ್ರಿತ ಬಿಳಿಯಾದರೆ ನೀರು ಬೆರೆತಿದೆ, ಕೆಂಪಗಾದರೆ ತುಕ್ಕು ಹಿಡಿದಿದೆ, ಕಪ್ಪಗೆ ಹೊಳೆದರೆ ಅದರಲ್ಲಿರುವುದು ಸವೆದ ಉಕ್ಕಿನ ಪುಡಿ. ಎಲ್ಲ ತೊಳೆದು ಒರೆಸಿ, ಬಾಲ್‌ಪೆನ್ನಿನ ತುದಿಯನ್ನು ಕೋನಿನ ಸವೆತದ ಗೆರೆಯ ಮೇಲೆ ಎಳೆಯಿರಿ. ಕಣ್ಣಿಗೆ ಕಾಣದ ಗುಳಿ ಪೆನ್ನಿಗೆ ಸಿಗುತ್ತದೆ. ಪೆನ್ನು ಜಾರಿಕೊಂಡು ಹೋದರೆ ಕೋನು ಉಳಿಯಿತು, ತಡೆದರೆ ಹೊಸದು ಹಾಕಿ. ಪೇಟೆಯಲ್ಲಿ ಆ ದಿನ ಕೋನು ಸಿಗದಿದ್ದರೆ ಹಳೆಯದನ್ನೇ ಅರ್ಧ ಸುತ್ತು ತಿರುಗಿಸಿ, ಗುಳಿಬಿದ್ದ ಬದಿ ಮೇಲೆ ಬರುವ ಹಾಗೆ ಗಾಲಿ ಕಟ್ಟಿದರೆ ಕೆಲವು ದಿನ ಸದ್ದಿಲ್ಲದೆ ಓಡುತ್ತದೆ. ಇದು ಮದ್ದಲ್ಲ, ವಾಯಿದೆ.

ಗುಂಡಿನ ವಿಷಯದಲ್ಲಿ ಜಿಪುಣತನ ಬೇಡ. ನಾಲ್ಕು ಹೊಸದು, ಹದಿನಾಲ್ಕು ಹಳೆಯದು ಎಂದು ಬೆರೆಸಿದರೆ ಹೊಸವು ಕೂದಲೆಳೆಯಷ್ಟು ದಪ್ಪಗಿದ್ದು, ಭಾರವೆಲ್ಲ ಅವುಗಳ ಮೇಲೆಯೇ ಬಿದ್ದು, ತಿಂಗಳೊಳಗೆ ಅವೇ ಒಡೆಯುತ್ತವೆ. ಹದಿನೆಂಟನ್ನೂ ಒಂದೇ ಪೊಟ್ಟಣದಿಂದ ತೆಗೆದುಕೊಳ್ಳಬೇಕು. ಬಟ್ಟಲಿಗೆ ಧಾರಾಳ ಗ್ರೀಸ್ ಮೆತ್ತಿ ಗುಂಡುಗಳನ್ನು ಅದರಲ್ಲಿ ಅಂಟಿಸಿದರೆ ಗಾಲಿ ಮಗುಚಿದರೂ ಬೀಳುವುದಿಲ್ಲ. ಜಾಗವಿದೆಯೆಂದು ಹತ್ತನೆಯದನ್ನು ತುರುಕಬಾರದು. ಗುಂಡುಗಳ ನಡುವೆ ಚೂರು ಸಂದು ಉಳಿಯಬೇಕು, ಇಲ್ಲದಿದ್ದರೆ ಅವು ಉರುಳುವ ಬದಲು ಒಂದನ್ನೊಂದು ಉಜ್ಜುತ್ತವೆ.

ಇನ್ನು ಬಿಗಿ. ಹತ್ತು ರಿಪೇರಿಯಲ್ಲಿ ಒಂಬತ್ತು ಕೆಡುವುದು ಇಲ್ಲಿ ಎಂದರೂ ನಾನು ಒಪ್ಪುತ್ತೇನೆ. ಕೋನನ್ನು ಬೆರಳಿನಿಂದ ತಾಗುವ ತನಕ ತಿರುಗಿಸಿ, ಒಂದು ಚೂರು ಹಿಂದೆ ಬಿಟ್ಟು, ತೆಳು ಸ್ಪಾನರಿನಲ್ಲಿ ಅದನ್ನು ಅಲ್ಲೇ ಹಿಡಿದುಕೊಂಡು ಲಾಕ್‌ನಟ್ ಬಿಗಿಯಬೇಕು. ಲಾಕ್‌ನಟ್ ಬಿಗಿಯುವಾಗ ಕೋನು ತಾನೂ ಸ್ವಲ್ಪ ಒಳಗೆ ಸರಿಯುತ್ತದೆ, ಹಾಗಾಗಿ ಮೊದಲ ಸಲಕ್ಕೇ ಸರಿ ಬರುವುದು ಕಡಿಮೆ. ತಾಳ್ಮೆಯಿಲ್ಲದವರು ಇಲ್ಲಿ ಬಿಗಿಯ ಕಡೆಗೇ ವಾಲುತ್ತಾರೆ, ಅಲ್ಲಾಡದ ಗಾಲಿಯೇ ಒಳ್ಳೆಯ ಗಾಲಿ ಎಂಬ ನಂಬಿಕೆಯಿಂದ. ಪರೀಕ್ಷೆ ಹೀಗೆ: ಗಾಲಿಯ ವಾಲ್ವ್ ಇರುವ ಜಾಗವನ್ನು ಮೇಲಿನಿಂದ ಸ್ವಲ್ಪ ಬದಿಗೆ ತಂದು ಕೈ ಬಿಡಿ. ಬೇರೆ ಯಾರೂ ಮುಟ್ಟದೆ ಅದು ಕೆಳಗಿಳಿದು, ಅತ್ತ ಇತ್ತ ನಾಲ್ಕಾರು ಸಲ ತೂಗಿ, ಕೊನೆಗೆ ತಳದಲ್ಲಿ ನಿಲ್ಲಬೇಕು. ಒಂದು ವಾಲ್ವಿನ ತೂಕವೂ ಗಾಲಿಯನ್ನು ತಿರುಗಿಸಬಲ್ಲದು ಎಂದಾದರೆ ಬಿಗಿ ಸರಿಯಾಗಿದೆ. ರಿಮ್ ಹಿಡಿದು ಅಲ್ಲಾಡಿಸಿದರೆ ಕಟಕಟ ಇರಬಾರದು ಎಂಬುದೂ ಅದರ ಜೊತೆಗೇ.

ಗಾಲಿಯನ್ನು ತಿರುಗಿ ಕೂರಿಸುವಾಗ ಚೈನನ್ನು ವೀಣೆಯ ತಂತಿ ಮಾಡುವವರಿದ್ದಾರೆ. ಚೈನಿನ ನಡುವೆ ಬೆರಳಿಟ್ಟು ಒತ್ತಿದರೆ ಅರ್ಧದಿಂದ ಮುಕ್ಕಾಲು ಇಂಚು ಆಡಬೇಕು. ಅತಿ ಬಿಗಿದ ಚೈನು ತಾನೇ ಗೊರಗೊರ ಎನ್ನುತ್ತದೆ, ಬಲಬದಿಯ ಕೋನನ್ನೂ ತಿನ್ನುತ್ತದೆ. ಆಗಷ್ಟೇ ಗ್ರೀಸ್ ಮಾಡಿಸಿದ ಹಬ್ಬಿನಿಂದ ಸದ್ದು ಬರುತ್ತಿದೆ ಎಂದು ತಿರುಗಿ ಬರುವವರ ಚೈನನ್ನು ಮೊದಲು ಮುಟ್ಟಿ ನೋಡಬೇಕು.

ಫ್ರೀವೀಲಿಗೆ ನಿಯಮ ಬೇರೆ. ಅದರೊಳಗೆ ಸಾಸಿವೆಗಿಂತ ತುಸು ದಪ್ಪದ ಗುಂಡುಗಳು ರಾಶಿ, ಜೊತೆಗೆ ತೆಳು ಸ್ಪ್ರಿಂಗಿನ ಮೇಲೆ ಕುಳಿತ ಎರಡು ಕೊಕ್ಕೆ. ತುಳಿದಾಗ ಕೊಕ್ಕೆ ಒಳಹಲ್ಲಿಗೆ ಕಚ್ಚುತ್ತದೆ, ನಿಲ್ಲಿಸಿದಾಗ ಹಲ್ಲಿನ ಮೇಲೆ ಜಾರಿ ಟಿಕ್‌ಟಿಕ್ ಎನ್ನುತ್ತದೆ. ಇಲ್ಲಿಗೆ ಹಬ್ಬಿನ ಗ್ರೀಸ್ ಹಾಕಿದರೆ ಕೊಕ್ಕೆ ಅಂಟಿ ಮಲಗಿಬಿಡುತ್ತದೆ. ಕಾರಿಂಜದ ಗುಡ್ಡೆಯ ಬುಡದ ಚಡಾವಿನಲ್ಲಿ ಎದ್ದು ನಿಂತು ತುಳಿಯುವಾಗ ಕೊಕ್ಕೆ ಕಚ್ಚದೆ ಪೆಡಲು ಗಾಳಿಯಲ್ಲಿ ತಿರುಗಿದರೆ ಸವಾರ ಬೀಳುವುದು ಫ್ರೇಮಿನ ಕೊಳವೆಯ ಮೇಲೆ, ಮುಂದಿನದ್ದನ್ನು ಬರೆಯುವುದು ಬೇಡ. ಫ್ರೀವೀಲಿಗೆ ತೆಳು ಮೆಷಿನ್ ಆಯಿಲ್. ಮೊದಲು ಡೀಸೆಲ್ ಬಿಟ್ಟು ತಿರುಗಿಸಿ ಮಣ್ಣು ಹೊರಹಾಕಿ, ಆರಿದ ಮೇಲೆ ಸೈಕಲ್ಲನ್ನು ಬಲಬದಿ ಮೇಲಾಗುವಂತೆ ಮಲಗಿಸಿ, ಒಳಭಾಗಕ್ಕೂ ಹೊರಭಾಗಕ್ಕೂ ನಡುವಿನ ಸಂದಿಗೆ ನಾಲ್ಕು ಹನಿ. ಡೀಸೆಲ್ ಹಬ್ಬಿನ ಒಳಗೆ ಇಳಿಯದಂತೆ ಮಾಡಬೇಕೆಂದರೆ ಈ ಕೆಲಸವನ್ನು ಹಬ್ ಬಿಚ್ಚಿರುವಾಗಲೇ ಮುಗಿಸಬೇಕು. ಬಿಚ್ಚಲೇಬೇಕೆಂಬ ಹಟವಿರುವವರಿಗೆ ಒಂದು ಮಾತು: ಫ್ರೀವೀಲಿನ ಮೇಲಿನ ಮುಚ್ಚಳದ ತಿರುಪಿನ ಮರೆ ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಮೇಲೆ ನೆಲದ ತುಂಬ ಗುಂಡು ಹುಡುಕುವ ಸಂಜೆ ನಿಮ್ಮದು. ಹೊಸ ಫ್ರೀವೀಲ್ ದುಬಾರಿಯಲ್ಲ, ಹಾಕಿಸಿಬಿಡುವುದು ಲೇಸು.

ಮೂಡುಬಿದಿರೆಯಂಥ ವಿದ್ಯಾರ್ಥಿಗಳ ಊರಿನಲ್ಲಿ ಗೇರ್ ಸೈಕಲ್ಲುಗಳು ಬಂದ ಮೇಲೆ ಕಾಯಿಲೆಯ ರೂಪ ಸ್ವಲ್ಪ ಬದಲಾಗಿದೆ. ಅಗ್ಗದ ಗೇರ್ ಸೈಕಲ್ಲಿನಲ್ಲಿ ಆರೋ ಏಳೋ ಹಲ್ಲುಚಕ್ರಗಳ ದಪ್ಪ ಫ್ರೀವೀಲನ್ನು ಹಳೆಯ ಕ್ರಮದ ಹಬ್ಬಿಗೇ ತಿರುಗಿಸಿ ಕೂರಿಸಿರುತ್ತಾರೆ. ಬಲಬದಿಯ ಗುಂಡುಗಳು ಅಷ್ಟು ಒಳಗೆ ಸರಿದ ಕಾರಣ ಆಕ್ಸಲಿನ ಉದ್ದನೆಯ ತುದಿಗೆ ಆಸರೆಯೇ ಇಲ್ಲ. ಎರಡು ಜನ ಕೂತು ಹೊಂಡಕ್ಕೆ ಇಳಿಸಿದರೆ ಆಕ್ಸಲ್ ಬಾಗುತ್ತದೆ. ಬಾಗಿದ ಆಕ್ಸಲಿನ ಗಾಲಿಯನ್ನು ಎಷ್ಟು ಹದ ಮಾಡಿದರೂ ಅರ್ಧ ಸುತ್ತು ಬಿಗಿ, ಅರ್ಧ ಸುತ್ತು ಸಡಿಲು. ಗಾಜಿನ ಮೇಲೆ ಉರುಳಿಸಿದರೆ ಬಾಗು ಕಾಣುತ್ತದೆ. ಜಪಾನಿನ ಶಿಮಾನೊ ಕಂಪೆನಿ 1978ರಲ್ಲಿ ಫ್ರೀವೀಲನ್ನೇ ಹಬ್ಬಿನ ಭಾಗವಾಗಿಸಿ ಬಲಬದಿಯ ಗುಂಡುಗಳನ್ನು ಹೊರತುದಿಗೆ ತಂದದ್ದು ಈ ತೊಂದರೆ ಹೋಗಲೆಂದು. ದುಬಾರಿ ಸೈಕಲ್ಲುಗಳಿಗೆ ಆ ಭಾಗ್ಯ ಸಿಕ್ಕಿದೆ. ಇನ್ನು ಕೆಲವಕ್ಕೆ ಬಿಡಿ ಗುಂಡಿನ ಬದಲು 6001ರಂಥ ಸೀಲ್ ಇರುವ ಇಡೀ ಬೇರಿಂಗ್. ಅದನ್ನು ಹದ ಮಾಡುವ ಮಾತಿಲ್ಲ, ಕರಕರ ಎಂದರೆ ಬಡಿದು ಹೊರತೆಗೆದು ಹೊಸದನ್ನು ಒತ್ತಿ ಕೂರಿಸುವುದು. ಒತ್ತುವಾಗ ಹೊರಗಿನ ಬಳೆಗೆ ಮಾತ್ರ ಒತ್ತಡ ಬೀಳಬೇಕು. ಒಳಬಳೆಗೆ ಸುತ್ತಿಗೆ ಬಿದ್ದರೆ ಹೊಸ ಬೇರಿಂಗ್ ಹಬ್ಬಿನೊಳಗೆ ಹೋಗುವ ಮೊದಲೇ ಹಳೆಯದಾಗುತ್ತದೆ. ಸೀಲ್ ಇದೆಯೆಂಬ ಧೈರ್ಯದಲ್ಲಿ ಬೈಕಿನ ಜೊತೆಗೆ ಸೈಕಲ್ಲಿಗೂ ವಾಟರ್ ಸರ್ವಿಸ್ ಮಾಡಿಸುವವರನ್ನು ನೋಡಿದ್ದೇನೆ. ಜೋರು ನೀರಿನ ಪೈಪನ್ನು ಹಬ್ಬಿಗೆ ನೇರ ಹಿಡಿದರೆ ಯಾವ ಸೀಲೂ ತಡೆಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸೈಕಲ್ಲಿಗೇನೂ ಅವಮಾನವಿಲ್ಲ.

ಎಲ್ಲ ಹಬ್ಬುಗಳೂ ರಿಪೇರಿಗೆ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಕೋನು, ಗುಂಡು, ಆಕ್ಸಲ್ ಮೂರನ್ನೂ ಬದಲಿಸಬಹುದು. ಬಟ್ಟಲೇ ಗುಳಿಬಿದ್ದರೆ ಅಥವಾ ಹಬ್ಬಿನ ಹೊಟ್ಟೆಯಲ್ಲಿ ಅದು ಸಡಿಲಾಗಿ ತಿರುಗತೊಡಗಿದರೆ ಗ್ರೀಸ್, ಬಿಗಿ ಯಾವುದೂ ನಾಟುವುದಿಲ್ಲ. ತೊಳೆದು ಒಣಗಿಸಿದ ಬಟ್ಟಲಿಗೆ ಹೆಬ್ಬೆರಳು ಒತ್ತಿ ತಿರುಗಿಸಿದಾಗ ಅದೂ ತಿರುಗಿದರೆ ಆ ಹಬ್ಬಿನ ಆಯಸ್ಸು ಮುಗಿಯಿತು. ಹೊಸ ಹಬ್ ಹಾಕಬೇಕಾದರೆ ಹಿಂದಿನ ಗಾಲಿಯ 40 ಕಡ್ಡಿಗಳನ್ನೂ ಬಿಚ್ಚಿ, ಹೆಣೆದು, ಬೆಂಡ್ ತೆಗೆಯಬೇಕು. ಅದು ಅರ್ಧ ದಿನದ ಕೆಲಸ. ಅಷ್ಟು ಹೊತ್ತು ಕೂತು ಕಟ್ಟುವ ಕೈಗಳು ನಮ್ಮ ಪೇಟೆಗಳಲ್ಲಿ ಕಡಿಮೆಯಾಗುತ್ತಿವೆ, ಅರ್ಧ ದಿನಕ್ಕೆ ತಕ್ಕ ಕೂಲಿ ಕೊಡುವವರು ಇನ್ನೂ ಕಡಿಮೆ. ಉಜಿರೆಯ ರುಡ್‌ಸೆಟಿಯಂಥ ತರಬೇತಿ ಸಂಸ್ಥೆಯಲ್ಲಿ ಬೈಕ್ ರಿಪೇರಿ ಕಲಿತು ಬಂದ ಹುಡುಗನಿಗೆ ಸೈಕಲ್ಲಿನ ಕಡ್ಡಿ ಎಣಿಸುವುದು ಯಾಕೆ ಬೇಕು? ಹಾಗಾಗಿ ಅಂಗಡಿಯವರು ಕಟ್ಟಿದ ಗಾಲಿಯನ್ನೇ ಇಡೀ ಕೊಂಡುಬಿಡಿ ಎನ್ನುತ್ತಾರೆ. ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಕಾರ್ಖಾನೆಯಿಂದ ಬರುವ ಅಗ್ಗದ ಗಾಲಿಯಲ್ಲಿ ಗ್ರೀಸ್ ಹೆಸರಿಗಷ್ಟೇ ಇದ್ದು ಕೋನು ಅತಿ ಬಿಗಿಯಾಗಿರುವುದೇ ಹೆಚ್ಚು. ಸೈಕಲ್ಲಿಗೆ ಏರಿಸುವ ಮೊದಲು ಆಕ್ಸಲಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ. ಮರಳಿನ ಮೇಲೆ ತಿರುಗಿದ ಅನುಭವವಾದರೆ ಅಂಗಡಿಯ ಮೆಟ್ಟಿಲಲ್ಲೇ ಎಡಬದಿಯ ಕೋನು ಬಿಚ್ಚಿಸಿ, ಗ್ರೀಸ್ ತುಂಬಿಸಿ, ಹದ ಮಾಡಿಸಿಕೊಂಡು ಬನ್ನಿ. ಹತ್ತು ನಿಮಿಷದ ಕೆಲಸ. ಮೊದಲ ಒಂದೆರಡು ವಾರ ಓಡಿದ ಮೇಲೆ ಲಾಕ್‌ನಟ್ ಮತ್ತೊಮ್ಮೆ ಮುಟ್ಟಿಸಿದರೆ ಮುಂದಿನ ಮೇ ತಿಂಗಳ ತನಕ ಆ ಗಾಲಿಯ ಗೊಡವೆಯಿಲ್ಲ. ಮೇ ತಿಂಗಳಲ್ಲಿ, ಮಳೆಗೆ ಮೊದಲು, ಮತ್ತೆ ಗ್ರೀಸ್.